ಹೊಸ ಸಾಟಾ ಕಾರ್ಡ್ ಹಾಕಿದ ಮೇಲೆ ಹಾರ್ಡ್ ಡಿಸ್ಕ್ ಸ್ಪೀಡ್ ಏರಲಿಲ್ಲ, ಎಸ್‌ಎಸ್‌ಡಿ ಇನ್ನೂ ಇಳಿಯಿತು. ಸರಿಯಾಗಿ ಟೆಸ್ಟ್ ಮಾಡುವುದು ಹೇಗೆ?

ಕಟಪಾಡಿ_ವಿಡಿಯೊ:

ಎಲ್ಲರಿಗೂ ನಮಸ್ಕಾರ. ನಾನು ಯಕ್ಷಗಾನದ ಆಟಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುವವನು. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆಯಿತು, ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ಮಳೆಗಾಲ ಪೂರ್ತಿ ಕೂತು ಬಾಕಿ ಎಡಿಟಿಂಗ್ ಮುಗಿಸಬೇಕು. ಮನೆಯ ಕಂಪ್ಯೂಟರ್ ಹಳೆಯದು. ಇಂಟೆಲ್ ಎಚ್61 ಬೋರ್ಡ್, ಮೂರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಒಂದು 500 ಜಿಬಿ ಸಾಟಾ ಎಸ್‌ಎಸ್‌ಡಿ, ಒಂದು 2 ಟಿಬಿ ಹಾರ್ಡ್ ಡಿಸ್ಕ್ (7200 ಆರ್‌ಪಿಎಂ), ಇನ್ನೊಂದು ಹಳೆಯ 1 ಟಿಬಿ ಡಿಸ್ಕ್. ವಿಂಡೋಸ್ 10, ಉಬುಂಟು ಎರಡೂ ಉಂಟು.

ಬೋರ್ಡಿನಲ್ಲಿರುವ ನಾಲ್ಕು ಸಾಟಾ ಪೋರ್ಟೂ (ಡಿಸ್ಕ್ ಜೋಡಿಸುವ ಜಾಗ) 3 ಜಿಬಿಪಿಎಸ್‌ನವು (ಸೆಕೆಂಡಿಗೆ ಗಿಗಾಬಿಟ್ ಲೆಕ್ಕ). ಎಸ್‌ಎಸ್‌ಡಿ, 2 ಟಿಬಿ ಡಿಸ್ಕ್ ಎರಡೂ 6 ಜಿಬಿಪಿಎಸ್‌ನವು. ಹಾಗಾಗಿ ಎಎಸ್‌ಎಂ1061 ಚಿಪ್ ಇರುವ ಎರಡು ಪೋರ್ಟಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತಂದು ಸಣ್ಣ ಸ್ಲಾಟಿಗೆ ಹಾಕಿದೆ, ಎರಡನ್ನೂ ಅದಕ್ಕೇ ಕೊಟ್ಟೆ.

ಈಗ ನಂಬರ್ ನೋಡಿ. ಕಾರ್ಡ್ ಹಾಕುವ ಮೊದಲು ಉಬುಂಟುವಿನಲ್ಲಿ ಡಿಸ್ಕ್ ಓದುವ ಸ್ಪೀಡ್ ಅಳೆಯುವ ಎಚ್‌ಡಿಪಾರ್ಮ್ ಓಡಿಸಿದ್ದೆ, 2 ಟಿಬಿ ಡಿಸ್ಕ್ ಸೆಕೆಂಡಿಗೆ 192 ಎಂಬಿ ಕೊಟ್ಟಿತ್ತು, ಎಸ್‌ಎಸ್‌ಡಿ 272. ಕಾರ್ಡ್ ಹಾಕಿದ ಮೇಲೆ ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿದರೆ ಹಾರ್ಡ್ ಡಿಸ್ಕ್ 128ಕ್ಕೆ ಇಳಿದಿದೆ, ಎಸ್‌ಎಸ್‌ಡಿ 203. ರ‍್ಯಾಂಡಮ್ 4ಕೆ (ಅಲ್ಲಲ್ಲಿಂದ 4 ಕೆಬಿ ತುಂಡು ಓದುವ ಟೆಸ್ಟ್) ಅಂತೂ ಹಾರ್ಡ್ ಡಿಸ್ಕಿನಲ್ಲಿ ಬರೀ 0.7. ಇದರ ಮೇಲೆ ಇನ್ನೊಂದು ತೊಂದರೆ. ಎಸ್‌ಎಸ್‌ಡಿಯಿಂದ ಹಾರ್ಡ್ ಡಿಸ್ಕಿಗೆ ಒಂದು ಪೂರ್ತಿ ಪ್ರಸಂಗ ಕಾಪಿ ಮಾಡಲು ಹಾಕಿದರೆ ಶುರುವಿಗೆ 150ರ ಹತ್ತಿರ ಓಡುತ್ತದೆ, ಸ್ವಲ್ಪ ಹೊತ್ತು ಬಿಟ್ಟು 30ಕ್ಕೆ ಕುಸಿದು ಅಲ್ಲೇ ನಿಲ್ಲುತ್ತದೆ.

ಕಾರ್ಡೇ ಹಾಳಾ? ಅಂಗಡಿಗೆ ವಾಪಸ್ ಕೊಡಬೇಕಾ? ಅಥವಾ ಟೆಸ್ಟ್ ಮಾಡುವ ಕ್ರಮ ಬೇರೆ ಉಂಟಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸುರತ್ಕಲ್_ಟರ್ಮಿನಲ್:

ಈಗಲೇ ವಾಪಸ್ ಕೊಡಬೇಡಿ. ನಿಮ್ಮ ಪೋಸ್ಟಿನಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ, ಒಂದೊಂದಾಗಿ ಬಿಡಿಸೋಣ.

ಮೊದಲು ಹಾರ್ಡ್ ಡಿಸ್ಕ್. ಸಾಟಾ 2ರಲ್ಲಿ 3 ಜಿಬಿಪಿಎಸ್ ಎಂದರೆ ಎನ್‌ಕೋಡಿಂಗ್‌ಗೆ ಹೋಗುವುದು ಕಳೆದು ಸೆಕೆಂಡಿಗೆ 300 ಎಂಬಿ ಸಿಗುತ್ತದೆ. ಸಾಟಾ 3ರಲ್ಲಿ 600. ನಿಮ್ಮ ಡಿಸ್ಕಿನ ತಟ್ಟೆ ತಿರುಗಿ ಹೆಡ್ ಕೆಳಗೆ ಬರುವ ಡೇಟಾ ಇರುವುದೇ 190ರ ಆಸುಪಾಸು. 300 ಅದಕ್ಕೆ ಮೊದಲೇ ಸಾಕಾಗಿತ್ತು, 600 ಮಾಡಿದರೆ ತಟ್ಟೆ ಜೋರಾಗಿ ತಿರುಗುವುದಿಲ್ಲ ಅಲ್ವಾ. ಯಾವ ಕಂಟ್ರೋಲರ್ ಹಾಕಿದರೂ ಒಂದು ಹಾರ್ಡ್ ಡಿಸ್ಕಿನ ಸೀಕ್ವೆನ್ಶಿಯಲ್ ಸ್ಪೀಡ್ (ಸಾಲಾಗಿ ಓದುವ ಸ್ಪೀಡ್) ಅಷ್ಟೇ ಇರುತ್ತದೆ.

ಹಾಗಾದರೆ 192 ಇದ್ದದ್ದು 128 ಯಾಕಾಯಿತು? ಇದು ತುಂಬಾ ಜನರಿಗೆ ತಲೆಕೆಡಿಸುವ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಚ್‌ಡಿಪಾರ್ಮ್‌ಗೆ ಸಣ್ಣ ಟಿ ಕೊಟ್ಟು ಓಡಿಸಿದರೆ ಅದು ಡಿಸ್ಕಿನ ಶುರುವಿನಿಂದ ಸುಮಾರು ಮೂರು ಸೆಕೆಂಡ್ ಓದುತ್ತದೆ. ಶುರು ಎಂದರೆ ತಟ್ಟೆಯ ಹೊರ ಅಂಚು. ಹೊರ ಅಂಚಿನ ಟ್ರ್ಯಾಕ್ ಉದ್ದ, ಅದರಲ್ಲಿ ಸೆಕ್ಟರ್ ಜಾಸ್ತಿ, ಒಂದು ಸುತ್ತಿಗೆ ಸಿಗುವ ಡೇಟಾ ಜಾಸ್ತಿ. ಒಳಗೆ ಹೋದ ಹಾಗೆ ಅದು ಇಳಿದು ಕೊನೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಹಾಗಲ್ಲ. ಅದು ನಿಮ್ಮ ಪಾರ್ಟಿಶನ್‌ನಲ್ಲಿ ಒಂದು ಟೆಸ್ಟ್ ಫೈಲ್ ಬರೆದು ಅದನ್ನೇ ಓದುತ್ತದೆ. ಡಿಸ್ಕ್ ಮುಕ್ಕಾಲು ಪಾಲು ತುಂಬಿದ್ದರೆ ಖಾಲಿ ಜಾಗ ಸಾಮಾನ್ಯವಾಗಿ ಒಳಭಾಗದಲ್ಲಿ ಸಿಗುತ್ತದೆ, ಫೈಲ್ ಅಲ್ಲಿ ಕೂರುತ್ತದೆ. ಅಂದರೆ ನೀವು ಹೋಲಿಸಿದ್ದು ಹಳೆಯ ಪೋರ್ಟ್ ಮತ್ತು ಹೊಸ ಕಾರ್ಡನ್ನು ಅಲ್ಲ, ತಟ್ಟೆಯ ಹೊರ ಅಂಚು ಮತ್ತು ಒಳಭಾಗವನ್ನು. ಡಿಸ್ಕ್ ಎಷ್ಟು ತುಂಬಿದೆ ಹೇಳಿ, ನನಗೆ ಅದೇ ಅನುಮಾನ.

ಸರಿಯಾಗಿ ನೋಡಬೇಕಾದರೆ ಒಂದೇ ಟೂಲ್, ಒಂದೇ ಓಎಸ್, ಡಿಸ್ಕಿನ ಒಂದೇ ಜಾಗ ಇರಬೇಕು. ಎಚ್‌ಡಿಪಾರ್ಮ್‌ನಲ್ಲಿ ಡೈರೆಕ್ಟ್ ಆಯ್ಕೆ (ಕ್ಯಾಶ್ ಬಳಸದೆ ಓದುವುದು) ಕೊಟ್ಟು ಆಫ್‌ಸೆಟ್ (ಶುರುವಿನಿಂದ ಎಷ್ಟು ದೂರ) 0, 900, 1800 ಹಾಕಿ ಓಡಿಸಿ. ಅದು ಗಿಬಿಬೈಟ್ ಲೆಕ್ಕ, 2 ಟಿಬಿ ಡಿಸ್ಕಿನಲ್ಲಿ ಒಟ್ಟು ಇರುವುದು ಸುಮಾರು 1863. ಮೊದಲು ಕಾರ್ಡಿನಲ್ಲಿ, ಆಮೇಲೆ ಬೋರ್ಡಿನ ಪೋರ್ಟಿಗೆ ಬದಲಿಸಿ ಅದನ್ನೇ ಮತ್ತೆ ಮಾಡಿ. ದೊಡ್ಡ ಟಿ ಕೊಟ್ಟಾಗ ಬರುವ ಸಾವಿರಗಟ್ಟಲೆ ಎಂಬಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದು ರ‍್ಯಾಮ್‌ನಲ್ಲಿರುವ ಕ್ಯಾಶ್ ಓದುವ ಸ್ಪೀಡ್, ಡಿಸ್ಕಿಗೂ ಅದಕ್ಕೂ ಸಂಬಂಧವಿಲ್ಲ.

4ಕೆ 0.7 ಬಂದದ್ದರಲ್ಲಿ ಏನೂ ತಪ್ಪಿಲ್ಲ. 7200 ಆರ್‌ಪಿಎಂ ಎಂದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಸೆಕ್ಟರ್ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 4.17. ಇದರ ಮೇಲೆ ಹೆಡ್ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಸರಿಯುವ ಸಮಯ. ಇಡೀ ಡಿಸ್ಕಿನಲ್ಲಿ ಅಲ್ಲಿ ಇಲ್ಲಿ ಓದಿದರೆ ಎರಡೂ ಸೇರಿ 12-13 ಮಿಲಿಸೆಕೆಂಡ್ ಆಗುತ್ತದೆ, ಸೆಕೆಂಡಿಗೆ 80 ಸಲ ಓದಿದರೆ ಜಾಸ್ತಿ. 80 ಸಲ 4 ಕೆಬಿ ಎಂದರೆ 0.3 ಎಂಬಿ ಸುಮಾರು. ನಿಮಗೆ 0.7 ಬರಲು ಕಾರಣ ಟೆಸ್ಟ್ ಫೈಲ್ ಬರೀ 1 ಜಿಬಿಯದ್ದು, ಹೆಡ್ ದೂರ ಓಡಬೇಕಾಗಿಲ್ಲ. ನಿಜವಾದ ಕೆಲಸದಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ.

ಎಸ್‌ಎಸ್‌ಡಿ 272ರಿಂದ 203ಕ್ಕೆ ಇಳಿದದ್ದು ಮಾತ್ರ ನಿಜವಾದ ತೊಂದರೆ. ಉಬುಂಟುವಿನಲ್ಲಿ ಸುಡೋ ಕೊಟ್ಟು ಎಲ್‌ಎಸ್‌ಪಿಸಿಐ (ಕಾರ್ಡುಗಳ ವಿವರ ತೋರಿಸುವ ಕಮಾಂಡ್), ಅದಕ್ಕೆ ಎರಡು ವಿ ಸೇರಿಸಿ ಓಡಿಸಿ. ಎಎಸ್‌ಎಂ1061ರ ಕೆಳಗೆ ಲಿಂಕ್ ಸ್ಟೇಟಸ್ ಎಂಬ ಸಾಲಿನಲ್ಲಿ ಏನಿದೆ ನೋಡಿ ಹಾಕಿ.

ಬಿಜೈ_ಸರ್ವಿಸ್:

ಮಾರಾಯ್ರೆ, ಮೇಲಿನವರು ಕೇಳಿದ ಲಿಂಕ್ ಸ್ಟೇಟಸ್ ನೋಡುವುದರ ಜೊತೆಗೆ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ನಮ್ಮ ಊರಿನ ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಸ್ಲಾಟಿನ ಕಾಂಟ್ಯಾಕ್ಟ್ ಬೇಗ ಕಪ್ಪಾಗುತ್ತದೆ. ಅದರಲ್ಲೂ ಹತ್ತು ವರ್ಷದಿಂದ ಖಾಲಿ ಇದ್ದ ಸ್ಲಾಟ್ ಆದರೆ ಒಳಗೆ ಧೂಳು ಕೂತು ಗಟ್ಟಿಯಾಗಿರುತ್ತದೆ. ಸರ್ವಿಸಿಗೆ ಬರುವ ಬೋರ್ಡುಗಳಲ್ಲಿ ಇದನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಕಾಂಟ್ಯಾಕ್ಟ್ ಸರಿ ಕೂರದಿದ್ದರೆ ಕಾರ್ಡ್ ಕೆಲಸ ಮಾಡುತ್ತದೆ, ಆದರೆ ಲಿಂಕ್ ಕಡಿಮೆ ಸ್ಪೀಡಿಗೆ ಇಳಿದು ನಿಲ್ಲುತ್ತದೆ. ಕಣ್ಣಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ಅದೇ ಕಷ್ಟ.

ಪವರ್ ಪೂರ್ತಿ ತೆಗೆದು, ಕಾರ್ಡಿನ ಹಳದಿ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸ್ಲಾಟಿಗೆ ಬ್ಲೋವರ್ ಹಿಡಿಯಿರಿ. ಒಣಗಿದ ಮೇಲೆ ಕಾರ್ಡನ್ನು ಗಟ್ಟಿಯಾಗಿ ಕೂರಿಸಿ ಸ್ಕ್ರೂ ಹಾಕಿ. ಸ್ಕ್ರೂ ಇಲ್ಲದೆ ಬಿಟ್ಟರೆ ಕೇಬಲ್ ಎಳೆತಕ್ಕೆ ಕಾರ್ಡ್ ಓರೆಯಾಗುತ್ತದೆ.

ಇನ್ನು ಕೇಬಲ್. ಸ್ಮಾರ್ಟ್ ರಿಪೋರ್ಟಿನಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) 199ನೇ ನಂಬರಿನದ್ದು ಸಿಆರ್‌ಸಿ ಎರರ್ (ದಾರಿಯಲ್ಲಿ ಡೇಟಾ ಕೆಟ್ಟದ್ದು) ಲೆಕ್ಕ. ಟೆಸ್ಟಿಗೆ ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ಟೆಸ್ಟ್ ಮುಗಿದ ಮೇಲೆ ಮತ್ತೆ ನೋಡಿ. ಏರಿದ್ದರೆ ಕೇಬಲ್ ಅಥವಾ ಕನೆಕ್ಟರ್ ಸರಿ ಇಲ್ಲ, ಬದಲಿಸಿ. ಹಳೆಯ ಎರರ್ ಎಷ್ಟಿದ್ದರೂ ಆ ಲೆಕ್ಕ ಕಡಿಮೆಯಾಗುವುದಿಲ್ಲ, ಹಾಗಾಗಿ ಏರುತ್ತಾ ಉಂಟಾ ಎಂಬುದು ಮಾತ್ರ ಮುಖ್ಯ. 5 (ಬದಲಿಸಿದ ಕೆಟ್ಟ ಸೆಕ್ಟರ್) ಮತ್ತು 197 (ಓದಲು ಕಷ್ಟವಾಗಿ ಬಾಕಿ ಇರುವ ಸೆಕ್ಟರ್) ಕೂಡ ನೋಡಿ. 197ರಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದರೂ ಇದ್ದರೆ ಬೆಂಚ್‌ಮಾರ್ಕ್ ಎಲ್ಲ ಬದಿಗಿಟ್ಟು ಮೊದಲು ಡೇಟಾ ಬೇರೆ ಕಡೆಗೆ ತೆಗೆಯಿರಿ.

ಕಟಪಾಡಿ_ವಿಡಿಯೊ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೇಳಿದ ಎಲ್ಲವನ್ನೂ ತೆಗೆದು ನೋಡಿದೆ.

ಡಿಸ್ಕ್ ಮುಕ್ಕಾಲಿಗಿಂತ ಜಾಸ್ತಿ ತುಂಬಿದೆ. ಕಾರ್ಡಿನಲ್ಲಿ ಎಚ್‌ಡಿಪಾರ್ಮ್ ಆಫ್‌ಸೆಟ್ 0ಕ್ಕೆ 191, 900ಕ್ಕೆ 158, 1800ಕ್ಕೆ 97. ಬೋರ್ಡಿನ ಪೋರ್ಟಿಗೆ ಬದಲಿಸಿದರೆ 192, 158, 97. ಒಂದೇ!

ಎಲ್‌ಎಸ್‌ಪಿಸಿಐನಲ್ಲಿ ಕೆಪಬಿಲಿಟಿ ಸಾಲಿನಲ್ಲಿ 5 ಜಿಟಿ ಅಂತ ಇದೆ, ಸ್ಟೇಟಸ್ ಸಾಲಿನಲ್ಲಿ 2.5 ಜಿಟಿ, ಪಕ್ಕದಲ್ಲಿ ಡೌನ್‌ಗ್ರೇಡೆಡ್ ಎಂದು ಬರೆದಿದೆ. ಇನ್ನೂ ಕಾರ್ಡ್ ಬಿಚ್ಚಿ ಒರೆಸಿಲ್ಲ, ಸಂಜೆ ಮಾಡುತ್ತೇನೆ. 197 ಸೊನ್ನೆ, 5 ಸೊನ್ನೆ, 199 ಏರಲಿಲ್ಲ.

ಸುರತ್ಕಲ್_ಟರ್ಮಿನಲ್:

ಸಿಕ್ಕಿತು ನೋಡಿ. 2.5 ಜಿಟಿ ಎಂದರೆ ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ತಲೆಮಾರಿನ ಸ್ಪೀಡ್, ಒಂದು ಲೇನಿಗೆ (ಡೇಟಾ ಹೋಗುವ ದಾರಿಗೆ) ಸೆಕೆಂಡಿಗೆ 250 ಎಂಬಿ. ಅದರಲ್ಲಿ ಪ್ಯಾಕೆಟ್ ಖರ್ಚೆಲ್ಲ ಕಳೆದು ಕೈಗೆ ಸಿಗುವುದು 200ರ ಹತ್ತಿರ. ನಿಮ್ಮ 203 ಅಲ್ಲಿಂದಲೇ ಬಂದದ್ದು. 5 ಜಿಟಿಗೆ ಏರಿದರೆ ಲೇನಿಗೆ 500, ಕೈಗೆ ಸಿಗುವುದು 380-400. ಈ ಚಿಪ್‌ನಲ್ಲಿ 550 ಎಂದೂ ಬರುವುದಿಲ್ಲ. ಸಾಟಾ ಕಡೆ 6 ಜಿಬಿಪಿಎಸ್ ಇದ್ದರೂ ಬೋರ್ಡಿನ ಕಡೆ ಇರುವುದು ಒಂದೇ ಲೇನ್. ಪೆಟ್ಟಿಗೆ ಮೇಲೆ ದೊಡ್ಡದಾಗಿ 6 ಜಿಬಿಪಿಎಸ್ ಎಂದು ಬರೆದಿರುತ್ತದೆ, ಲೇನಿನ ವಿಷಯ ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ. ಕೊಳ್ಳುವವರು ಮೊದಲು ಓದಬೇಕಾದದ್ದು ಆ ಸಣ್ಣ ಅಕ್ಷರ.

ಒರೆಸಿದ ಮೇಲೂ 2.5ರಲ್ಲೇ ನಿಂತರೆ ಬಯಾಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಪೀಡ್ ಎಂಬ ಆಯ್ಕೆ ಉಂಟಾ ನೋಡಿ. ಜೆನ್ 1 ಎಂದು ಇದ್ದರೆ ಆಟೋಗೆ ಬದಲಿಸಿ. ಅಲ್ಲೇ ಸಾಟಾ ಮೋಡ್ ಕೂಡ ಎಎಚ್‌ಸಿಐ ಇದೆಯಾ ಅಂತ ನೋಡಿಕೊಳ್ಳಿ. ಹಳೆಯ ಕ್ರಮವಾದ ಐಡಿಇ ಮೋಡಿನಲ್ಲಿದ್ದರೆ ಬೋರ್ಡಿನ ಪೋರ್ಟಿನಲ್ಲಿರುವ ಡಿಸ್ಕಿಗೆ ಎನ್‌ಸಿಕ್ಯೂ ಸಿಗುವುದಿಲ್ಲ. ಎನ್‌ಸಿಕ್ಯೂ ಎಂದರೆ ಡಿಸ್ಕ್ 32ರವರೆಗೆ ಕಮಾಂಡ್ ಒಟ್ಟಿಗೆ ತೆಗೆದುಕೊಂಡು ಹೆಡ್‌ಗೆ ಹತ್ತಿರ ಆಗುವ ಕ್ರಮದಲ್ಲಿ ಮುಗಿಸುವುದು, ಒಂದೇ ಹೊತ್ತಿಗೆ ನಾಲ್ಕೈದು ಫೈಲ್ ಓದುವಾಗ ಅದು ಕೆಲಸಕ್ಕೆ ಬರುತ್ತದೆ. ಆದರೆ ವಿಂಡೋಸ್ ಐಡಿಇ ಮೋಡಿನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಬಯಾಸ್‌ನಲ್ಲಿ ಸುಮ್ನೆ ಬದಲಿಸಬೇಡಿ, ಬೂಟ್ ಆಗದೆ ನಿಲ್ಲಬಹುದು. ಮೊದಲು ಸೇಫ್ ಮೋಡಿಗೆ ಹೋಗುವ ಹಾಗೆ ಇಟ್ಟು, ಆಮೇಲೆ ಬದಲಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ಬೂಟ್ ಆಗಲು ಬಿಡಿ.

ಇನ್ನೊಂದು ಮಾತು. ಹಾರ್ಡ್ ಡಿಸ್ಕನ್ನು ಕಾರ್ಡಿನಲ್ಲಿ ಇಡಬೇಡಿ. ಎರಡು ಪೋರ್ಟೂ ಆ ಒಂದೇ ಲೇನನ್ನು ಹಂಚಿಕೊಳ್ಳುತ್ತವೆ. ಎಸ್‌ಎಸ್‌ಡಿಯಿಂದ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುವಾಗ ಸುಮ್ನೆ ಯಾಕೆ ಎರಡನ್ನೂ ಒಂದೇ ದಾರಿಯಲ್ಲಿ ನುಗ್ಗಿಸುವುದು? ಡಿಸ್ಕ್ ಬೋರ್ಡಿನ ಹಳೆಯ ಪೋರ್ಟಿನಲ್ಲಿ ಹಾಯಾಗಿರುತ್ತದೆ, ನಿಮ್ಮ ನಂಬರೇ ಅದನ್ನು ಹೇಳುತ್ತಿದೆ.

ಮಣಿಪಾಲ_ಬ್ಯಾಕಪ್:

ಕಾಪಿ ಮಾಡುವಾಗ 150ರಿಂದ 30ಕ್ಕೆ ಕುಸಿಯುವ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ. ಆ 2 ಟಿಬಿ ಡಿಸ್ಕಿನ ಮಾಡೆಲ್ ನಂಬರ್ ಹಿಡಿದು ಅದು ಎಸ್‌ಎಂಆರಾ (ಟ್ರ್ಯಾಕುಗಳು ಒಂದರ ಮೇಲೊಂದು ಏರಿದ್ದು) ಸಿಎಂಆರಾ (ಪಕ್ಕಪಕ್ಕ ಬೇರೆ ಬೇರೆ ಇರುವುದು) ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ. ನೀವು ಹೇಳುವ ಲಕ್ಷಣ ಪೂರ್ತಿ ಎಸ್‌ಎಂಆರ್‌ನದ್ದೇ.

ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ಮಂಗಳೂರು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಏರಿರುತ್ತವೆ. ಕಡಿಮೆ ಜಾಗದಲ್ಲಿ ಜಾಸ್ತಿ ಡೇಟಾ ಹಿಡಿಸುತ್ತದೆ, ಓದಲು ಏನೂ ತೊಂದರೆ ಇಲ್ಲ. ಆದರೆ ಮಧ್ಯದ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹಂಚುಗಳನ್ನೂ ಎಬ್ಬಿಸಬೇಕು. ಅದಕ್ಕೇ ಡಿಸ್ಕ್ ಮೊದಲು ಬಂದ ಡೇಟಾವನ್ನು ಒಂದು ಬೇರೆ ಜಾಗದಲ್ಲಿ ಬೇಗ ಬೇಗ ಬರೆದುಕೊಳ್ಳುತ್ತದೆ, ಬಿಡುವು ಸಿಕ್ಕಾಗ ಅದನ್ನು ಸರಿಯಾದ ಜಾಗಕ್ಕೆ ಸಾಗಿಸುತ್ತದೆ. ನೀವು ನೂರಾರು ಜಿಬಿ ಒಟ್ಟಿಗೆ ಸುರಿದರೆ ಆ ಜಾಗ ತುಂಬುತ್ತದೆ, ಬಿಡುವು ಸಿಗುವುದಿಲ್ಲ, ಸ್ಪೀಡ್ ಕುಸಿಯುತ್ತದೆ. ಮೊದಲೇ ತುಂಬಿ, ಅಳಿಸಿ, ಮತ್ತೆ ಬರೆದ ಡಿಸ್ಕಿನಲ್ಲಿ ಇನ್ನೂ ಬೇಗ ಕುಸಿಯುತ್ತದೆ.

ಇದು ಎಷ್ಟೋ ಮಾಡೆಲ್‌ಗಳಲ್ಲಿ ಉಂಟು, ಮೊದಲು ಎಲ್ಲೂ ಸರಿಯಾಗಿ ಬರೆಯುತ್ತಿರಲಿಲ್ಲ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕ್ ಎಸ್‌ಎಂಆರ್ ಎಂದು ಹೊರಗೆ ಬಂದಾಗ ದೊಡ್ಡ ಗಲಾಟೆ ಆಯಿತು. ಆ ಮೇಲೆ ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಶಿಬಾ ಮೂವರೂ ಯಾವ ಮಾಡೆಲ್ ಯಾವುದು ಎಂದು ತಿಳಿಸಿದರು. ಈಗ ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು.

ಬೆಂಚ್‌ಮಾರ್ಕಿನಲ್ಲಿ ಇದು ಕಾಣುವುದಿಲ್ಲ ಯಾಕೆಂದರೆ 1 ಜಿಬಿ ಟೆಸ್ಟ್ ಫೈಲ್ ಆ ಬೇರೆ ಜಾಗದಲ್ಲೇ ಹಿಡಿಸಿಬಿಡುತ್ತದೆ. ಎಫ್‌ಐಒ ಎಂಬ ಟೆಸ್ಟ್ ಟೂಲಿನಲ್ಲಿ ಡೈರೆಕ್ಟ್ ಇಟ್ಟು, ಬ್ಲಾಕ್ ಸೈಜ್ 1 ಎಂಬಿ ಕೊಟ್ಟು, 100 ಜಿಬಿಯಾದರೂ ಬರೆಯಲು ಬಿಡಿ. ಸರಾಸರಿ ನೋಡಬೇಡಿ, ಸೆಕೆಂಡ್ ಸೆಕೆಂಡಿನ ಲಾಗ್ ತೆಗೆದು ಎಲ್ಲಿ ಬೀಳುತ್ತದೆ ನೋಡಿ. ಆದರೆ ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಎಫ್‌ಐಒಗೆ ಬರೆಯುವ ಟೆಸ್ಟ್ ಕೊಡುವಾಗ ಫೈಲಿನ ಹೆಸರು ಕೊಡಿ. ಡಿಸ್ಕಿನ ಡಿವೈಸ್ ಹೆಸರನ್ನೇ ಕೊಟ್ಟರೆ ಪಾರ್ಟಿಶನ್, ಫೈಲ್ ಏನೂ ನೋಡದೆ ಮೇಲಿಂದ ಮೇಲೆ ಬರೆದುಬಿಡುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ ರಾತ್ರಿ ನಡೆದ ಆಟದ ರೆಕಾರ್ಡಿಂಗ್, ಅದೇ ಭಾಗವತರು, ಅದೇ ವೇಷ, ಅದೇ ಮಾತುಗಾರಿಕೆ ಇನ್ನೊಮ್ಮೆ ಸಿಗುವುದಿಲ್ಲ. ಇನ್ನೊಂದು ಡಿಸ್ಕಿನಲ್ಲಿ ಕಾಪಿ ಇಲ್ಲದೆ ಯಾವ ರೈಟ್ ಟೆಸ್ಟೂ ಮಾಡಬೇಡಿ. ಯುಪಿಎಸ್ ಇಲ್ಲದಿದ್ದರೆ ಗುಡುಗು ಇರುವ ದಿನ ಅಂತೂ ಬೇಡವೇ ಬೇಡ, ಬರೆಯುವ ಮಧ್ಯ ಕರೆಂಟ್ ಹೋದರೆ ಡಿಸ್ಕಿನ ಕ್ಯಾಶಿನಲ್ಲಿ ಇದ್ದದ್ದು ಹೋಗುತ್ತದೆ.

ಬಿಜೈ_ಸರ್ವಿಸ್:

ಮಣಿಪಾಲದವರು ಹೇಳಿದ್ದು ನೂರಕ್ಕೆ ನೂರು ಸರಿ. ಎಸ್‌ಎಂಆರ್ ಡಿಸ್ಕ್ ಆದರೆ ಅದನ್ನು ಎಡಿಟಿಂಗ್ ಮುಗಿದ ಫೈಲ್ ಇಡಲು ಮಾತ್ರ ಬಳಸಿ. ಒಮ್ಮೆ ಬರೆದು, ಬೇಕಾದಾಗ ಓದುವ ಕೆಲಸಕ್ಕೆ ಅದು ಧಾರಾಳ ಸಾಕು. ರಾತ್ರಿ ಕಾಪಿಗೆ ಹಾಕಿ ಮಲಗಿ, ಮುಗಿದ ಮೇಲೂ ಕಂಪ್ಯೂಟರ್ ಸ್ವಲ್ಪ ಹೊತ್ತು ಆನ್ ಇರಲಿ, ಡಿಸ್ಕಿಗೆ ಅದರ ಸಾಗಾಟ ಮುಗಿಸಲು ಸಮಯ ಬೇಕು.

ಸುರತ್ಕಲ್_ಟರ್ಮಿನಲ್:

ಈಗ ನಿಮ್ಮ ನಿಜವಾದ ಕೆಲಸದ ಲೆಕ್ಕ ಹಾಕೋಣ, ಯಾಕೆಂದರೆ ನನಗೆ ಬೆಂಚ್‌ಮಾರ್ಕಿಗಿಂತ ಇದೇ ಮುಖ್ಯ ಅನಿಸುತ್ತದೆ. ನಿಮ್ಮ ಕ್ಯಾಮೆರಾ 50 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಇಲ್ಲಿ ಬಿಟ್ ಲೆಕ್ಕ, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 6.25 ಎಂಬಿ, ಗಂಟೆಗೆ 22.5 ಜಿಬಿ. ಐದು ಗಂಟೆಯ ಕಾಲಮಿತಿ ಆಟಕ್ಕೆ ಒಂದು ಕ್ಯಾಮೆರಾದ್ದು 112 ಜಿಬಿ ಸುಮಾರು. ಎರಡು ಕ್ಯಾಮೆರಾ ಒಟ್ಟಿಗೆ ಟೈಮ್‌ಲೈನಿನಲ್ಲಿ ಓಡಿಸಿದರೂ ಬೇಕಾಗುವುದು ಸೆಕೆಂಡಿಗೆ 12.5 ಎಂಬಿ. ಡಿಸ್ಕಿನ ಅತಿ ನಿಧಾನದ ಒಳ ಅಂಚೇ 97 ಕೊಡುತ್ತಿದೆ. ಹಾಗಾಗಿ ಪ್ಲೇ ಮಾಡುವಾಗ ತಡವರಿಸಿದರೆ ಅದು ಸೀಕ್ವೆನ್ಶಿಯಲ್ ಸ್ಪೀಡ್ ಕಡಿಮೆ ಆಗಿ ಅಲ್ಲ. ಎರಡು ಫೈಲ್ ಡಿಸ್ಕಿನ ಎರಡು ಮೂಲೆಯಲ್ಲಿದ್ದು, ಹೆಡ್ ಅತ್ತಿತ್ತ ಓಡುತ್ತಿದೆ, ಜೊತೆಗೆ ಎಡಿಟರಿನ ಕ್ಯಾಶ್, ಆಡಿಯೊ ವೇವ್‌ಫಾರ್ಮ್ ಫೈಲುಗಳೂ ಅದೇ ಡಿಸ್ಕಿನಲ್ಲಿವೆ. ಒಂದು ಕ್ಯಾಮೆರಾದ ಫೈಲ್ 1 ಟಿಬಿ ಡಿಸ್ಕಿಗೆ ಹಾಕಿ, ಇನ್ನೊಂದು 2 ಟಿಬಿಯಲ್ಲಿ ಇರಲಿ, ಕ್ಯಾಶ್ ಮತ್ತು ಪ್ರಾಕ್ಸಿ (ಎಡಿಟಿಂಗಿಗೆ ಮಾಡುವ ಹಗುರ ಕಾಪಿ) ಎಸ್‌ಎಸ್‌ಡಿಗೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎಕ್ಸ್‌ಪೋರ್ಟ್ ಮಾಡುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಸಿಪಿಯು ನೂರಕ್ಕೆ ಹತ್ತಿರ, ಡಿಸ್ಕ್ ಹತ್ತರ ಒಳಗೆ ಇದ್ದರೆ ಯಾವ ಕಂಟ್ರೋಲರ್ ಹಾಕಿದರೂ ಎಕ್ಸ್‌ಪೋರ್ಟ್ ಒಂದು ನಿಮಿಷ ಬೇಗ ಆಗುವುದಿಲ್ಲ.

ಕಟಪಾಡಿ_ವಿಡಿಯೊ:

ಒರೆಸಿದೆ, ಸ್ಲಾಟ್ ಒಳಗೆ ಗಟ್ಟಿ ಧೂಳೇ ಇತ್ತು. ಕೂರಿಸಿ ಸ್ಕ್ರೂ ಹಾಕಿದ ಮೇಲೆ ಲಿಂಕ್ ಸ್ಟೇಟಸ್ 5 ಜಿಟಿ ತೋರಿಸಿತು. ಬಯಾಸ್ ಮುಟ್ಟಬೇಕಾಗಲಿಲ್ಲ. ಎಸ್‌ಎಸ್‌ಡಿ ಈಗ 386. ಎಎಚ್‌ಸಿಐ ಮೊದಲಿನಿಂದಲೇ ಇತ್ತು.

2 ಟಿಬಿ ಡಿಸ್ಕಿನ ಮಾಡೆಲ್ ಪಟ್ಟಿಯಲ್ಲಿ ನೋಡಿದೆ, ಎಸ್‌ಎಂಆರೇ. ಅದನ್ನು ಮತ್ತು 1 ಟಿಬಿಯನ್ನು ಬೋರ್ಡಿನ ಪೋರ್ಟಿಗೆ ಹಾಕಿದೆ. ಕ್ಯಾಶ್, ಪ್ರಾಕ್ಸಿ ಎಸ್‌ಎಸ್‌ಡಿಗೆ ಬಂತು, ಎರಡು ಕ್ಯಾಮೆರಾದ ಫೈಲ್ ಬೇರೆ ಬೇರೆ ಡಿಸ್ಕಿನಲ್ಲಿ. ಟೈಮ್‌ಲೈನ್ ಎಳೆಯುವಾಗ ತಡವರಿಸುವುದು ಪೂರ್ತಿ ನಿಂತಿದೆ, ಚೆಂಡೆಯ ಪೆಟ್ಟಿಗೆ ಕಟ್ ಹೊಂದಿಸುವುದು ಈಗ ಎಷ್ಟು ಸುಲಭ ಆಯಿತು ಎಂದರೆ ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎಕ್ಸ್‌ಪೋರ್ಟಿನಲ್ಲಿ ಸಿಪಿಯು 98, ಡಿಸ್ಕ್ 6, ನೀವು ಹೇಳಿದ ಹಾಗೆಯೇ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಬೋರ್ಡಿನ ಉದ್ದದ ಎಕ್ಸ್16 ಸ್ಲಾಟ್ ಖಾಲಿ ಉಂಟು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದಕ್ಕೆ ಅಡಾಪ್ಟರ್ ಹಾಕಿ ಎನ್‌ವಿಎಂಇ (ಸಾಟಾ ಬದಲು ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಓಡುವ) ಎಸ್‌ಎಸ್‌ಡಿ ಹಾಕಬಹುದಾ?

ಸುರತ್ಕಲ್_ಟರ್ಮಿನಲ್:

ಹಾಕಬಹುದು. ಎಚ್61 ಕಾಲದ ಬಯಾಸ್ ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಮಾಡುವುದಿಲ್ಲ, ಹಾಗಾಗಿ ವಿಂಡೋಸ್ ಈಗಿನ ಎಸ್‌ಎಸ್‌ಡಿಯಲ್ಲೇ ಇರಲಿ. ಡೇಟಾ ಡಿಸ್ಕ್ ಆಗಿ ಉಬುಂಟು, ವಿಂಡೋಸ್ 10 ಎರಡರಲ್ಲೂ ಕಾಣುತ್ತದೆ. ಆ ಸ್ಲಾಟ್ ನೇರ ಸಿಪಿಯುಗೆ ಹೋಗುತ್ತದೆ. ಎನ್‌ವಿಎಂಇ ನಾಲ್ಕು ಲೇನ್ ಬಳಸುತ್ತದೆ. ಎರಡನೇ ತಲೆಮಾರಿನ ಸ್ಪೀಡ್ ಸಿಕ್ಕಿದರೂ ಒಟ್ಟು 2000 ಎಂಬಿ, ಕೆಲವು ಬೋರ್ಡಿನಲ್ಲಿ ಮೂರನೇ ತಲೆಮಾರಿನ ಐ5 ಇದ್ದರೆ ಅದರ ಹೆಚ್ಚುಕಡಿಮೆ ಎರಡು ಪಟ್ಟು ಸಿಗುತ್ತದೆ. ಹಾಕಿದ ಮೇಲೆ ಮೊದಲು ಲಿಂಕ್ ಸ್ಟೇಟಸ್‌ನಲ್ಲಿ ಎಕ್ಸ್4 ಇದೆಯಾ ನೋಡಿ, ಆಮೇಲೆ ಬೆಂಚ್‌ಮಾರ್ಕ್. ಆದರೆ ನಿಮ್ಮ ಎಕ್ಸ್‌ಪೋರ್ಟಿನಲ್ಲಿ ಡಿಸ್ಕ್ ಬರೀ 6 ತೋರಿಸುತ್ತಿದೆ. ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ಬ್ಯಾಕಪ್‌ಗೆ ಒಂದು ಸಿಎಂಆರ್ ಹಾರ್ಡ್ ಡಿಸ್ಕ್ ತನ್ನಿ.